ಬೀಗಿತ್ತಿ ತಂದ ಆಟದ ಸಾಮಾನು

ನನ್ನ ಬೀಗಿತ್ತಿ ನಾಗಲಕ್ಷ್ಮಮ್ಮ ತ್ಯಾಮಗೊಂಡ್ಲಿನಿಂದ ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಅವಳ ಕೈಚೀಲದ ಮೇಲೆ. ಅದರಲ್ಲಿ ನನ್ನ ಮೊಮ್ಮಗ ಚಂದ್ರುವಿಗೆ ಏನಾದರೊಂದು ಆಟದ ಸಾಮಾನು ಇದ್ದೇ ಇರುತ್ತಿತ್ತು. ನೋಡಿದರೆ ಮೂರು ಕಾಸಿನದು. ಮಗು ಮಾತ್ರ ಅದನ್ನು ಬಿಡುತ್ತಿರಲಿಲ್ಲ, ತಂದವಳನ್ನೂ ಬಿಡುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ಅದನ್ನು ಮುಚ್ಚಿಟ್ಟುಕೊಂಡು ಹಲ್ಲು ಕಿರಿಯುವ ಜಾಯಮಾನ ನನ್ನದಲ್ಲ.

ಮಗುವಿಗೆ ಹಲ್ಲು ಬರುವ ಕಾಲಕ್ಕೆ ಮರದ ಗಿಲಕಿ ತಂದಳು. ಬಣ್ಣವಿಲ್ಲ, ಹೊಳಪಿಲ್ಲ, ಬೋಳು ಮರ. ದೊಡ್ಡಬಳ್ಳಾಪುರದಲ್ಲಿ ಬಣ್ಣದ ನೂಲಿನಿಂದಲೇ ಬದುಕುವ ನೇಯ್ಗೆಯವರ ಮನೆಗೆ ಇಂಥ ಬಣ್ಣಗೆಟ್ಟ ಗಿಲಕಿಯೇ? ನನಗೆ ರೇಗಿತು. ಅವಳು ಒಳಗೆ ಮಗಳ ಜೊತೆ ಮಾತಾಡುತ್ತಿದ್ದಾಗ ಹಿತ್ತಲಿಗೆ ಹೋದೆ. ಆಗತಾನೇ ಬಣ್ಣಕ್ಕೆ ಅದ್ದಿ ಒಣಹಾಕಿದ್ದ ಕೆಂಪು ರೇಷ್ಮೆಯನ್ನು ಒಂದಿಷ್ಟು ಎಳೆದು, ಚೆಂಡು ಸುತ್ತಿ, ತಂದು ಮಗುವಿನ ಕೈಗಿಟ್ಟೆ. ಆ ನೂಲನ್ನು ಇನ್ನೂ ನೀರಿಗೆ ಹಾಕಿ ತೊಳೆದಿರಲಿಲ್ಲ ಅನ್ನುವುದು ಹೊಟ್ಟೆಕಿಚ್ಚಿನಲ್ಲಿ ನೆನಪಿಗೇ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಸೊಸೆ ಅನಸೂಯ ಚೀರಿಕೊಂಡಳು. ಮಗುವಿನ ತುಟಿ, ಗಲ್ಲ, ಅಂಗಿ ಎಲ್ಲ ಕೆಂಪು. ನನ್ನ ಮಗ ಕೋದಂಡರಾಮ ಮಗ್ಗ ನಿಲ್ಲಿಸಿ ಓಡಿಬಂದ. ಅದು ರಕ್ತವಲ್ಲ, ಬಣ್ಣ ಎಂದು ಗೊತ್ತಾಗುವ ಹೊತ್ತಿಗೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೀಗಿತ್ತಿ ಸೆರಗು ಒದ್ದೆ ಮಾಡಿ ಮಗುವಿನ ಬಾಯಿ ಒರೆಸಿದಳು.

"ಈ ವಯಸ್ಸಲ್ಲಿ ಕೈಗೆ ಸಿಕ್ಕಿದ್ದೆಲ್ಲಾ ಬಾಯಿಗೇ ಕಣಕ್ಕಾ. ಅದಕ್ಕೇ ಗಿಲಕಿಗೆ ಬಣ್ಣ ಹಾಕ್ಬೇಡ ಅಂತ ಆಚಾರಿಗೆ ಹೇಳಿ ಮಾಡಿಸ್ಕೊಂಡ್ ಬಂದೆ," ಅಂದಳು. ಬೈದಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು. ಮೆತ್ತಗೆ ಹೇಳಿದಳು. ಅದನ್ನೇ ನನಗೆ ತಡೆಯಲಾಗಲಿಲ್ಲ.

ಚಂದ್ರುವಿಗೆ ಒಂದೂವರೆ ವರ್ಷವಾಗುವಷ್ಟರಲ್ಲಿ ಅನಸೂಯ ಮತ್ತೆ ಬಸುರಿ. ಹೆರಿಗೆಗೆ ತವರಿಗೆ ಹೋಗಬೇಕು. ಚಂದ್ರುವೂ ಅವಳ ಜೊತೆ ಹೋಗುವುದೋ, ನನ್ನ ಹತ್ತಿರ ಉಳಿಯುವುದೋ ಅನ್ನುವುದೇ ಮನೆಯ ಮಾತಾಯಿತು.

"ಯಾರ್ ಹತ್ರ ಹೊಂದ್ಕೋತಾನೋ ಅವ್ರ ಹತ್ರ ಇರ್ಲಿ ಬಿಡಮ್ಮಾ," ಅಂದ ಮಗ.

ಹೊಂದಿಕೊಳ್ಳುವುದೇನು ಬಂತು, ನನ್ನ ಮನೆಯ ಕೂಸು. ಅಲ್ಲಿಗೆ ಹೋದರೆ ಬಾಣಂತನ ಮುಗಿಸಿ ಬರುವ ಹೊತ್ತಿಗೆ ನನ್ನ ಮುಖವೇ ಮರೆತಿರುತ್ತದೆ. ಆ ಹೆದರಿಕೆಗೆ ನನಗೆ ಊಟ ಸೇರುತ್ತಿರಲಿಲ್ಲ. ಸೀರೆ ಕೊಡಲು ಚಿಕ್ಕಪೇಟೆಗೆ ಹೊರಟ ನನ್ನ ಯಜಮಾನರ ಬೆನ್ನುಹತ್ತಿ, ಕೀ ಕೊಟ್ಟರೆ ಡೋಲು ಬಾರಿಸುವ ತಗಡಿನ ಕೋತಿಯನ್ನು ಬೆಂಗಳೂರಿನಿಂದ ತರಿಸಿದೆ. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಅಂಥದ್ದು ಇರಲಿಲ್ಲ.

ಮಗಳನ್ನು ಕರೆದೊಯ್ಯಲು ಬೀಗಿತ್ತಿ ಬಂದ ದಿನ, ಅವಳ ಎದುರಿಗೇ ಕೀ ತಿರುಗಿಸಿದೆ. ಕೋತಿ ಕಣ್ಣು ಹೊರಳಿಸುತ್ತ ಡಬಡಬ ಅಂದದ್ದೇ ತಡ, ಚಂದ್ರು ಕಿಟಾರನೆ ಕಿರುಚಿ ಓಡಿಹೋಗಿ ಅವಳ ಸೀರೆಯೊಳಗೆ ಮುಖ ಹುದುಗಿಸಿದ. ಅವಳು ಚೀಲದಿಂದ ಒಂದರೊಳಗೊಂದು ಕೂರುವ ಮರದ ಬಟ್ಟಲುಗಳನ್ನು ತೆಗೆದು ಮುಂದಿಟ್ಟಳು. ಅಳು ನಿಂತಿತು. ನನ್ನ ಕೈಯಲ್ಲಿ ಆ ದರಿದ್ರ ಕೋತಿ ಇನ್ನೂ ಡೋಲು ಬಾರಿಸುತ್ತಲೇ ಇತ್ತು.

"ಅದು ಐದಾರು ವರ್ಷದ ಹುಡುಗ್ರಿಗೆ ಚೆನ್ನಾಗಿರತ್ತಕ್ಕಾ, ಎತ್ತಿಡಿ. ಈಗ ಇವನಿಗೆ ತುಂಬೋದು, ಸುರಿಯೋದು, ಅಷ್ಟೇ ಆಟ."

ತುಂಬೋದು, ಸುರಿಯೋದು ತಾನೇ? ಮಾರನೇ ಬೆಳಿಗ್ಗೆ, ನೂಲು ಸುತ್ತಿ ಲಾಳಿಗೆ ಹಾಕುವ ಕಂಡಿಕೆಗಳಲ್ಲಿ ಖಾಲಿ ಇದ್ದವನ್ನೆಲ್ಲ ತಂದು ಮಗುವಿನ ಮುಂದೆ ರಾಶಿ ಹಾಕಿದೆ, ಪಕ್ಕದಲ್ಲೊಂದು ಬೆತ್ತದ ಪುಟ್ಟಿ ಇಟ್ಟೆ. ನಮ್ಮ ಮನೆಯಲ್ಲಿ ಮಕ್ಕಳು ಕಂಡಿಕೆ ಮುಟ್ಟಿದರೆ ಕೈಗೆ ಏಟು ಬೀಳುತ್ತಿತ್ತು. ನನ್ನ ಮಗನೇ ಎಷ್ಟೋ ಏಟು ತಿಂದಿದ್ದಾನೆ. ಚಂದ್ರು ಪುಟ್ಟಿ ತುಂಬಿದ, ಸುರಿದ, ಮತ್ತೆ ತುಂಬಿದ. ಊಟದ ಹೊತ್ತಾದರೂ ಯಾರನ್ನೂ ಕೇಳಲಿಲ್ಲ. ಅಡುಗೆಮನೆಯಲ್ಲಿದ್ದ ಬೀಗಿತ್ತಿಯನ್ನು ಬೇಕೆಂದೇ ಕರೆದು ತೋರಿಸಿದೆ.

ಅವಳು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. "ಇಲ್ಲೇ ಇರ್ಲಿ ಬಿಡಿ ಅಕ್ಕಾ. ನಿಮ್ಹತ್ರ ಹೊಂದ್ಕೊಂಡ," ಅಂದು ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು. ಸುಳ್ಳು ಯಾಕೆ ಹೇಳಲಿ, ಅವಳ ಕಣ್ಣೀರು ಕಂಡು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ತಾಯಿ ಮಗಳು ಬಸ್ಸು ಹತ್ತಿ ಹೋದರು. ಸಂಜೆ ಚಂದ್ರು ಪುಟ್ಟಿ ತುಂಬಿ, ನನ್ನ ಕಡೆ ತಿರುಗಿ ಎರಡೂ ಕೈ ಮೇಲೆತ್ತಿ ನಿಂತ. ಎತ್ತಿಕೋ ಅನ್ನುತ್ತಾನೆಂದು ಎತ್ತಿಕೊಂಡೆ. ಜಾರಿ ಇಳಿದುಬಿಟ್ಟ. ಮತ್ತೆ ಸುರಿದ, ತುಂಬಿದ, ಕೈಯೆತ್ತಿ ನಿಂತ. ಬೆಲ್ಲದ ಚೂರು ಕೊಟ್ಟೆ, ಬೇಡವೆಂದು ತಳ್ಳಿದ. ಕೊನೆಗೆ ನನಗೆ ಬುದ್ಧಿ ಕಲಿಸುವವನಂತೆ ತಾನೇ ಚಪ್ಪಾಳೆ ತಟ್ಟಿ, "ಬೇಚು," ಅಂದ.

ಭೇಷ್ ಅನ್ನುತ್ತಿದ್ದ. ಬಟ್ಟಲು ತುಂಬಿದಾಗಲೆಲ್ಲ ಬೀಗಿತ್ತಿ ಹಾಗೆ ಹೇಳಿರಬೇಕು. ಇಷ್ಟು ದಿನ ನಾನು ಅವಳ ಚೀಲ ನೋಡಿದೆ, ಬಟ್ಟಲು ನೋಡಿದೆ. ನೆಲದ ಮೇಲೆ ಮಗುವಿನ ಪಕ್ಕ ಕೂತು ಅವಳು ಏನು ಮಾಡುತ್ತಿದ್ದಳೆಂದು ನೋಡಲೇ ಇಲ್ಲ.

ನಮ್ಮ ಮನೆಯಲ್ಲಿ ಆ ಮಾತಿನ ಬಳಕೆಯಿಲ್ಲ. ಮದುವೆಯಾಗಿ ಬಂದಾಗಿನಿಂದ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತಿದ್ದೇನೆ. ಎಳೆ ಕಿತ್ತುಹೋದಾಗ ಬೈದವರಿದ್ದಾರೆ, ಭೇಷ್ ಅಂದವರಿಲ್ಲ. ನನ್ನ ಹೆತ್ತಮ್ಮನೂ ಅನ್ನಲಿಲ್ಲ. ಮಗು ಇನ್ನೂ ಕಾಯುತ್ತಲೇ ಇತ್ತು. ಚಪ್ಪಾಳೆ ತಟ್ಟಿ, "ಭೇಷ್ ಕಣಪ್ಪಾ," ಅಂದೆ. ಕೇಕೆ ಹಾಕಿ ನಕ್ಕು ಪುಟ್ಟಿ ಬೋರಲು ಹಾಕಿದ.

ಅಲ್ಲಿಯವರೆಗೆ ನನಗೆ ಹೊಟ್ಟೆಕಿಚ್ಚು ಇದ್ದದ್ದು ಬೀಗಿತ್ತಿಯ ಮೇಲೆ. ಆ ಸಂಜೆ ನನ್ನ ಸೊಸೆಯ ಮೇಲೆ ಬಂತು, ಅವಳು ಆ ತಾಯಿಯ ಮಡಿಲಲ್ಲಿ ಬೆಳೆದವಳು ಅಂತ.