ಮುಖ ನೋಡಿ ಮದ್ದು ಅಳೆಯಬೇಡಿ

ಸೊಸೆ ದಪ್ಪಗಿದ್ದರೆ ಮನೆತನಕ್ಕೆ ಗೌರವ. ಮರುಭೂಮಿಯ ಅಂಚಿನ ಊರು ನವಾಕ್‌ಶೋತ್‌ನ ನಮ್ಮ ಕೇರಿಯಲ್ಲಿ ಹೆಣ್ಣನ್ನು ತೂಗುವುದೇ ಹೀಗೆ. ನನ್ನ ತಂಗಿ ತೆಕ್ಬೆರ್‌ಳ ಕಾಲು, ಮುಖ ಊದಿಕೊಂಡಾಗ ಅವಳ ಅತ್ತೆ ನೆವೀಸಾ ಬಂದವರಿಗೆಲ್ಲ ಮೂರು ಸುತ್ತು ಚಹಾ ಕುಡಿಸಿ, "ನೋಡಿ, ನನ್ನ ಸೊಸೆ ಹೇಗೆ ಮೈ ತುಂಬಿಕೊಂಡಿದ್ದಾಳೆ" ಎಂದು ಮೆರೆದಳು. ನನಗೆ ಮೈಯೆಲ್ಲ ಉರಿಯಿತು. ಮೂತ್ರದಲ್ಲಿ ನೊರೆ ಬರುತ್ತಿದೆ ಎಂದು ತಂಗಿ ನನಗೆ ಹೇಳಿದ್ದಳು.

ಅವಳನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರ್ ಮಹ್ಜೂಬಾ ಪರೀಕ್ಷೆಗಳನ್ನೆಲ್ಲ ಮಾಡಿಸಿದರು.

"ಮೈ ಕಾಯಬೇಕಾದ ಶಕ್ತಿಯೇ ಕಿಡ್ನಿ ಮೇಲೆ ತಿರುಗಿಬಿದ್ದಿದೆ. ಅದನ್ನ ತಗ್ಗಿಸಬೇಕು" ಎಂದು ಸ್ಟೆರಾಯ್ಡ್ ಮಾತ್ರೆ ಕೊಟ್ಟರು. ನೊರೆ ಕಡಿಮೆಯಾಯಿತು, ಆದರೆ ರಕ್ತದಲ್ಲಿ ಸಕ್ಕರೆ ಏರಿತು. ಆಗ ಸ್ಟೆರಾಯ್ಡನ್ನು ಮೆಲ್ಲಗೆ ಇಳಿಸಿ, ಟ್ಯಾಕ್ರೋಲಿಮಸ್ ಎಂಬ ಬೇರೆ ಔಷಧಿ ಬರೆದರು.

"ಎರಡರಲ್ಲಿ ಯಾವುದು ಒಳ್ಳೇದು ಡಾಕ್ಟರಮ್ಮ?"

"ಇವಳಿಗಿರೋ ಕಾಯಿಲೆಗೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕೆಲಸ ಮಾಡ್ತವೆ. ತೊಂದರೆ ಮಾತ್ರ ಬೇರೆಬೇರೆ. ಸ್ಟೆರಾಯ್ಡ್ ಸಕ್ಕರೆ ಏರಿಸುತ್ತೆ, ಮೂಳೆ ಸವೆಸುತ್ತೆ, ಮುಖ ದುಂಡಗೆ ಊದಿಸುತ್ತೆ. ಈ ಹೊಸದು ಜಾಸ್ತಿಯಾದ್ರೆ ಕಿಡ್ನಿಗೇ ಏಟು, ಅದಕ್ಕೇ ರಕ್ತಪರೀಕ್ಷೆ ತಪ್ಪಿಸಬಾರದು. ಎರಡರಲ್ಲೂ ಸೋಂಕಿನ ಭಯ ಇದೆ. ಯಾವುದನ್ನೂ ನೀವಾಗೇ ನಿಲ್ಲಿಸಬೇಡಿ."

ಹೊಸ ಔಷಧಿಯಲ್ಲಿ ತಂಗಿಯ ದುಂಡುಮುಖ ಇಳಿಯಿತು. ಅತ್ತೆಗೆ ಅದೇ ಸಂಕಟ.

"ಮೊದಲಿನ ಮಾತ್ರೆಯಲ್ಲಿ ಮುಖ ಚಂದ್ರನ ಹಾಗಿತ್ತು. ಇದು ಹುಡುಗೀನ ಒಣಗಿಸ್ತಿದೆ" ಎಂದು ಅದನ್ನು ಎತ್ತಿಟ್ಟು, ಹೆಂಗಸರು ದಪ್ಪಗಾಗಲು ಸಂತೆಯಲ್ಲಿ ಕೊಳ್ಳುವ ಮಾತ್ರೆ ತಂದು ನುಂಗಿಸಿದಳು. ತಂಗಿಯ ಗಂಡ ಯೆಸ್ಲೆಮ್ ಓದಿದವನು. ಎಲ್ಲ ನೋಡುತ್ತ ಬಾಯಿಗೆ ಬೀಗ ಹಾಕಿಕೊಂಡಿದ್ದ. ಅವನ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ.

ಮತ್ತೆ ನೊರೆ ಬಂತು, ಮೈ ಊದಿತು, ಜ್ವರ ಹತ್ತಿತು. ಉಸಿರಾಡಲು ಒದ್ದಾಡುತ್ತಿದ್ದ ತಂಗಿಯನ್ನು ಆಸ್ಪತ್ರೆಗೆ ಹೊತ್ತೊಯ್ದೆವು. ಅಲ್ಲೂ ನೆವೀಸಾ, "ಇಷ್ಟು ಗುಂಡಗಿರೋಳಿಗೆ ಏನಾಗುತ್ತೆ ಬಿಡು" ಎಂದಳು.

"ಅದು ನೀರು ಅತ್ತೆಮ್ಮ. ಡಾಕ್ಟರ ಔಷಧಿ ಎತ್ತಿಟ್ಟು ಸಂತೆ ಮಾತ್ರೆ ನುಂಗಿಸಿದ್ರಲ್ಲ! ನಿಮ್ಮ ಚೆಂದದ ಹುಚ್ಚಿಗೆ ನನ್ನ ತಂಗೀನೇ ಸಿಕ್ಕಿದ್ಲಾ?" ಎಂದು ನಾನು ಕೂಗಾಡಿದೆ.

ಡಾಕ್ಟರ್ ನೆವೀಸಾಳ ಹೆಬ್ಬೆರಳು ಹಿಡಿದು ತಂಗಿಯ ಕಾಲಿನ ಮೇಲೆ ಒತ್ತಿಸಿದರು. ಬೆರಳು ತೆಗೆದರೂ ಗುಂಡಿ ಹಾಗೇ ಉಳಿಯಿತು.

"ಇದು ಮಾಂಸ ಅಲ್ಲಮ್ಮ, ನೀರು. ಔಷಧಿ ನಿಲ್ಲಿಸಿದ್ದಕ್ಕೇ ಕಾಯಿಲೆ ಮರಳಿದೆ. ನೀವು ಕೊಟ್ಟ ಸಂತೆ ಮಾತ್ರೆಯಲ್ಲಿ ಸ್ಟೆರಾಯ್ಡ್ ಎಷ್ಟಿದೆ ಅಂತ ಮಾರೋನಿಗೂ ಗೊತ್ತಿಲ್ಲ. ಮುಖ ನೋಡಿದ್ರೆ ಔಷಧಿಯ ಗುಣ ತಿಳಿಯಲ್ಲ. ಮೂತ್ರ, ರಕ್ತ ಪರೀಕ್ಷೆಯಲ್ಲೇ ತಿಳಿಯೋದು."

ನೆವೀಸಾ ಇನ್ನೊಂದು ಕಾಲನ್ನೂ ತಾನೇ ಒತ್ತಿ ನೋಡಿದಳು, ಅಲ್ಲೂ ಗುಂಡಿ ಉಳಿಯಿತು. ಆಮೇಲೆ, "ಯಾವ ಹೊತ್ತಿಗೆ ಯಾವುದು ಕೊಡಬೇಕು ಹೇಳಿ. ನಾನೇ ಕೊಡ್ತೀನಿ" ಎಂದಳು.

ತಂಗಿ ಬದುಕಿದಳು. ಕಿಡ್ನಿಯ ಶಕ್ತಿ ಮಾತ್ರ ಪೂರ್ತಿ ಮರಳಲಿಲ್ಲ. ಮೊನ್ನೆ ಪಕ್ಕದ ಮನೆಯವಳು ಬಂದು, "ಸೊಸೆಗೆ ಹಾಲು ಕೊಡಲ್ವಾ? ಕಡ್ಡಿ ಆಗಿದ್ದಾಳೆ" ಎಂದು ಹಂಗಿಸಿದಳು.

"ಕಡ್ಡಿಯಾದ್ರೂ ಉಸಿರಾಡ್ತಿದ್ದಾಳೆ. ನೀನು ಮೊದಲು ಮನೆಗೆ ಹೋಗಿ ನಿನ್ನ ಮಗಳ ಕಾಲು ಒತ್ತಿ ನೋಡು" ಎಂದಳು ನೆವೀಸಾ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವೂ ಒತ್ತಿ ನೋಡಿ. ಗುಂಡಿ ಉಳಿದರೆ, ಮೂತ್ರದಲ್ಲಿ ನೊರೆ ನಿಲ್ಲದಿದ್ದರೆ ಡಾಕ್ಟರ ಬಳಿಗೆ ಹೋಗಿ. ಯಾವ ಔಷಧಿ, ಯಾಕೆ, ಅದರ ತೊಂದರೆ ಏನು ಎಂದು ಬಾಯಿಬಿಟ್ಟು ಕೇಳಿ. ಸಂತೆಯ ಮಾತ್ರೆ ಮನೆಯೊಳಗೆ ಬಂದರೆ ಯೆಸ್ಲೆಮ್‌ನ ಹಾಗೆ ಸುಮ್ಮನೆ ಕೂರಬೇಡಿ.