ಕಲ್

ಬಿಳಿ ಪುಡಿ, ರೈಲಿನ ಕಿಟಕಿಯ ಸರಳಿನ ಮೇಲೆ, ಬೆರಳಿಟ್ಟರೆ ಬೆರಳಿನಷ್ಟೇ ಜಾಗ ಕರ್ರಗೆ ಕಾಣಿಸಿ ಮುಂದಿನ ಗೇಟು ದಾಟುವಷ್ಟರಲ್ಲಿ ಮತ್ತೆ ಬೆಳ್ಳಗೆ, ಮಳಖೇಡ ರೋಡ್ ಬಂತೇನೋ, ಸಿಮೆಂಟಿನ ವಾಸನೆ ಬಂದರೆ ಬೋರ್ಡು ನೋಡಬೇಕಾಗಿಲ್ಲ, ಪ್ರಹ್ಲಾದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ, ಹೆಂಡತಿ ವೃಂದಾ ಕಂಡಿದ್ದರೆ ಒಗೀಲಿಕ್ಕೆ ಆಳು ಇಟ್ಟೀರೇನ್ರಿ ಅಂತಿದ್ದಳು — ಇನ್ನೊಂದು ಕೈ ಮಾತ್ರ ತೊಡೆಯ ಮೇಲಿನ ಚೀಲ ಬಿಡುತ್ತಿಲ್ಲ, ಚೀಲದಲ್ಲಿ ಹಳೆ ಪಂಚೆ, ಪಂಚೆಯೊಳಗೆ ಸುತ್ತಿದ ಡಿಸ್ಕು, ಡಿಸ್ಕಿನಲ್ಲಿ ಜಟ್ಟೆಪ್ಪನ ಎಕ್ಸ್‌ರೇ, ಎಕ್ಸ್‌ರೇಯಲ್ಲಿ ಕೊರಳು, ಕೊರಳಿನಲ್ಲಿ ತಾಯಿತ. ಅಷ್ಟೇ. ಅದರ ಕೆಳಗಿನದು ಸಿಗಲಿಲ್ಲ, ವಾರಗಟ್ಟಲೆ ಸೇಡಂನ ಮನೆಯಲ್ಲಿ ಕೂತು ಕಣ್ಣು ಕೆಂಪಾಗುವವರೆಗೆ ಜಾಲಾಡಿದರೂ ಸಿಗಲಿಲ್ಲ, ಇದನ್ನು ಅವನ ಹೆಂಡತಿ ಸಾಬಮ್ಮನಿಗೆ ಇನ್ನೂ ಹೇಳಿಲ್ಲ, ಶಹಾಬಾದಿನ ದವಾಖಾನೆಯ ಕಟ್ಟೆಯ ಮೇಲೆ ಅವಳು ಆಗಲೇ ಬಂದು ಕೂತಿರುತ್ತಾಳೆ, ಸತ್ತ ಗಂಡನ ಎದೆಯ ಫೋಟೋ ಬರುತ್ತದೆಂದು, ನಾಳೆ ಕಲಬುರಗಿಯ ಕಾರ್ಮಿಕ ಕಚೇರಿಯಲ್ಲಿ ಅದನ್ನು ಸಾಹೇಬರ ಮುಂದೆ ಹಿಡಿಯಬೇಕೆಂದು. ಖಣಿ ಮಾಲೀಕನ ಕಡೆಯವರು ಬೀಡಿ ಸೇದಿ ಸತ್ತ ಅಂತ ಬರೆಸಿದ್ದಾರಂತೆ. ಬೀಡಿ ಮುಟ್ಟಿದಾಂವಲ್ರಿ ನನ್ನ ಗಂಡ, ಕಲ್ಲಿನ ಧೂಳು ತಿಂದು ಸತ್ತಾನ, ಹಂಗಂತ ಸರಕಾರದವರು ಬಾಯಿಬಿಟ್ಟು ಅನ್ನಬೇಕು ನೋಡ್ರಿ ಸರ, ನನಗ ಮತ್ತೇನೂ ಬ್ಯಾಡ. ಮತ್ತೇನೂ ಬೇಡವಂತೆ, ಎಷ್ಟು ಸಣ್ಣದು ಕೇಳಿದಳು, ಅದನ್ನೂ ಕೊಡಲಾರದವನು ಟಿಕೆಟ್ ತೆಗೆಸಿಕೊಂಡು ಹೊರಟಿದ್ದಾನೆ.

ಎಷ್ಟು ಹುರುಪಿನಿಂದ ಬರೆದಿದ್ದ ಆ ಪ್ರೋಗ್ರಾಮನ್ನು. ಸೇಡಂನಲ್ಲಿ ಕಂಪ್ಯೂಟರ್ ಕ್ಲಾಸು, ಹುಡುಗರಿಗೆ ಟೈಪಿಂಗ್ ಹೇಳಿಕೊಡುವುದು ಹೊಟ್ಟೆಗೆ, ಡಿಸ್ಕಿನ ಹುಚ್ಚು ಮನಸ್ಸಿಗೆ, ಶಹಾಬಾದಿನ ಡಾಕ್ಟರು ಖಣಿಯವರ ಎಕ್ಸ್‌ರೇ ಎಲ್ಲ ಕಂಪ್ಯೂಟರಿಗೆ ಹಾಕಿಕೊಡ್ತೀಯೇನು ಅಂತ ಕೇಳಿದಾಗ ಎದೆ ಎಷ್ಟು ಉಬ್ಬಿತ್ತು, ಐದು ಡಿಸ್ಕು ಜೋಡಿಸುವುದು, ಒಂದು ಸತ್ತರೆ ಉಳಿದ ನಾಲ್ಕು ಸೇರಿ ಸತ್ತದ್ದರ ಮಾತು ಹೇಳುತ್ತವೆ, ಆದರೆ ನಮ್ಮ ಕಡೆಯ ಕರೆಂಟು, ಬರೆಯುತ್ತಿರುವಾಗಲೇ ಹೋಯಿತೆಂದರೆ ಎರಡು ಡಿಸ್ಕು ಹೊಸ ಮಾತು ಮೂರು ಡಿಸ್ಕು ಹಳೆ ಮಾತು, ಯಾವುದೂ ನಿಜವಲ್ಲ. ಅದಕ್ಕೇ ಜರ್ನಲ್ಲು, ಬೇರೆಯದೇ ಒಂದು ಡಿಸ್ಕು, ಇಂಥ ಜಾಗದಲ್ಲಿ ಇಂಥದ್ದು ಬರೆಯಲಿದ್ದೇನೆ ಎಂದು ಮೊದಲು ಅದರಲ್ಲಿ ಹೇಳು, ಆಮೇಲೆ ಐದರ ಮೇಲೆ ಬರೆ, ನಡುವೆ ಕರೆಂಟು ಹೋದರೆ ಬಂದ ಮೇಲೆ ಹೇಳಿದ್ದನ್ನು ಓದಿ ಅದನ್ನೇ ಮತ್ತೆ ಮಾಡು. ಇದು ಹೊಳೆದ ದಿನ ಒಬ್ಬನೇ ನಕ್ಕಿದ್ದ, ಅಪ್ಪ ದಿನಾ ಬೆಳಿಗ್ಗೆ ಮಾಡುತ್ತಿದ್ದುದೂ ಇದನ್ನೇ ಅಲ್ಲವೇ, ಕಾಗಿಣಾ ದಂಡೆಯ ಮಠದಲ್ಲಿ, ಒದ್ದೆ ಪಂಚೆಯಲ್ಲಿ, ಅಂಗೈಯಲ್ಲಿ ನೀರು ಹಿಡಿದು, ಇಂಥ ದೇಶ, ಇಂಥ ಸಂವತ್ಸರ, ಇಂಥ ಮಾಸ, ಪಕ್ಷ, ತಿಥಿ, ನಾನು ಇಂಥವನು, ಇಂಥದ್ದು ಮಾಡುತ್ತೇನೆ — ಅಷ್ಟು ಹೇಳಿ ನೀರು ಬಿಟ್ಟ ಮೇಲೆಯೇ ಕೈ ಮುಂದಿನ ಕೆಲಸಕ್ಕೆ. ಅದಕ್ಕೇ ತನ್ನ ಪ್ರೋಗ್ರಾಮಿಗೆ ಸಂಕಲ್ಪ ಅಂತ ಹೆಸರಿಟ್ಟ. ಅಪ್ಪ, ವಿಠ್ಠಲಾಚಾರ್ರು, ಕನ್ನಡಕದ ಮೇಲಿಂದ ನೋಡಿ, ನಿನ್ನ ಮಷೀನು ತಿಥಿ ಹೇಳ್ತದೇನೋ ಪ್ರಹ್ಲಾದಾ? ಹೇಳ್ತದ ಅಪ್ಪಾ, ಸೆಕೆಂಡ್ ಸುದ್ದಾ ಹೇಳ್ತದ. ಮತ್ತ ಅಡ್ಡಿಯಿಲ್ಲ ತಗೋ, ತಿಥಿ ಬಿಟ್ಟ ಸಂಕಲ್ಪ ಎಲ್ಲಿಗೂ ಮುಟ್ಟಂಗಿಲ್ಲ. ಸತ್ತರು ಪಾಪ, ಮಗನ ಸಂಕಲ್ಪ ಎಲ್ಲಿಗೆ ಮುಟ್ಟಿತೆಂದು ನೋಡಲು ಇಲ್ಲ, ಇಲ್ಲದ್ದೇ ಒಳ್ಳೆಯದಾಯಿತು.

ಏಕೆಂದರೆ ತಿಥಿ ಬಿಟ್ಟ. ತಾನೇ ಬಿಟ್ಟ. ದವಾಖಾನೆಯ ಮಷೀನಿನ ಗಡಿಯಾರದ ಸೆಲ್ಲು ಸತ್ತಿತ್ತು, ಕರೆಂಟು ಹೋಗಿ ಬಂದಾಗಲೆಲ್ಲ ಅದು ಹಿಂದಿನ ಯಾವುದೋ ಕಾಲದ ಜನವರಿ ಒಂದನೇ ತಾರೀಕಿಗೆ ಹೋಗಿ ಕೂಡುತ್ತಿತ್ತು, ಸಂಕಲ್ಪ ತಾರೀಕು ನೋಡಿ ಇದು ನನ್ನ ಜರ್ನಲ್ಲೇ ಅಲ್ಲ ಅಂತ ಹಟ ಹಿಡಿಯುತ್ತಿತ್ತು, ಅಲ್ಲಿನ ಆಪರೇಟರ್ ಅಬ್ದುಲ್ ಮಜೀದ ದಿನಾ ಫೋನು ಮಾಡುತ್ತಿದ್ದ, ಆಚಾರ್ ಸಾಬ್, ನಿಮ್ಮ ಸಂಕಲ್ಪ ಮತ್ತ ಸಿಟ್ಟಾಗ್ಯಾನ. ಒಂದು ಸೆಲ್ಲು ಹಾಕಿಸಿದ್ದರೆ ಮುಗಿಯುತ್ತಿತ್ತು, ಅಥವಾ ತಾರೀಕಿನ ಗೊಡವೆಯೇ ಬೇಡವೆಂದು ಒಂದೊಂದು ಬರಹಕ್ಕೂ ಸಾಲಾಗಿ ನಂಬರು ಕೊಟ್ಟಿದ್ದರೆ, ಹಿಂದಿನದು ಯಾವುದು ಮುಂದಿನದು ಯಾವುದು ಮಷೀನಿಗೇ ತಿಳಿಯುತ್ತಿತ್ತು, ಕ್ಲಾಸಿನ ಹುಡುಗನೂ ಹೇಳುವಂಥ ಮಾತು, ಇವನಿಗೆ ಹೊಳೆಯಲಿಲ್ಲ, ಹೊಳೆದರೂ ಆಮೇಲೆ ಮಾಡೋಣ ಅಂತ ಬಿಟ್ಟನೋ ಏನೋ, ಈಗ ನೆನಪಿಲ್ಲ. ತಾರೀಕು ನೋಡುವುದನ್ನೇ ತೆಗೆದುಹಾಕಿ ಬರೀ ಒಂದು ಪ್ರಶ್ನೆ ಇಟ್ಟ — ಇದರಲ್ಲಿ ಇದ್ದದ್ದನ್ನು ಮತ್ತೆ ಬರೆಯಲೇ? ಹೌದು, ಬೇಡ. ಮಜೀದ ಭಾಯಿ, ಅದು ಕೇಳ್ತಿರ್ತದ, ನೀವು ಹೌದು ಒತ್ತಿಬಿಡ್ರಿ. ಒತ್ತುತ್ತಾ ಬಂದ ಪಾಪ, ನಿಯತ್ತಿನ ಮನುಷ್ಯ, ಹೌದು, ಹೌದು, ಹೌದು.

ಚಿತ್ತಾಪುರ. ಶೇಂಗಾ ಮಾರುವವಳು ಹತ್ತಿದಳು, ತಗೋರಿ ಬಿಸಿ ಅದಾವ, ಬೇಡಬೇ, ಗಾಡಿ ಮತ್ತೆ ಕುಲುಕಿತು, ಚೀಲ ಒತ್ತಿ ಹಿಡಿದ, ಈಗ ಕುಲುಕಿ ಹಾಳಾಗಲು ಅದರಲ್ಲಿ ಉಳಿದದ್ದಾದರೂ ಏನು. ಆ ಶುಕ್ರವಾರ ಜರ್ನಲ್ ಡಿಸ್ಕು ಕಟಕಟ ಅನ್ನುತ್ತಿತ್ತು, ತೆಗೆದು ಮೇಜಿನ ಮೇಲಿಡ್ರಿ ಭಾಯಿ ಅಂದ, ಪಕ್ಕದಲ್ಲೇ ಹೊಸದೊಂದು ಖಾಲಿ ಡಿಸ್ಕು ತರಿಸಿ ಇಡಿಸಿದ, ಭಾನುವಾರ ಓ.ಪಿ.ಡಿ. ಇರುವುದಿಲ್ಲ, ಅವತ್ತು ಹಾಕೋಣ, ಅಷ್ಟರಲ್ಲಿ ಫೋಟೋಗಳನ್ನೆಲ್ಲ ಊರುಪ್ರಕಾರ ಜೋಡಿಸಿಬಿಡ್ರಿ ಅಂತ ಹೇಳಿದವನೂ ಅವನೇ, ಮಜೀದ ಶುಕ್ರವಾರ ಸಂಜೆ ಕೂತು ಎಲ್ಲರ ಎದೆಗಳನ್ನೂ ಇದ್ದ ಜಾಗದಿಂದ ಬೇರೆ ಜಾಗಕ್ಕೆ ಸರಿಸಿದ. ಶನಿವಾರ ಕರೆಂಟು ಹೋಗಿ ಬಂದು ಮಾಡತೊಡಗಿತು, ಜರ್ನಲ್ಲೇ ಇಲ್ಲವಲ್ಲ ಎಂದು ಇವನಿಗೆ ಹೆದರಿಕೆ, ಸೇಡಂನ ಸಂತೆಯಲ್ಲಿ ಒಂದು ಕೈಯಲ್ಲಿ ಬದನೆಕಾಯಿ ಚೀಲ ಇನ್ನೊಂದರಲ್ಲಿ ಮೊಬೈಲು, ಇವತ್ತೇ ಹಾಕಿಬಿಡಿ ಎಂದು ಕೂಗಿದ, ಭಾಯಿ, ಆಜಿಚ್ ಡಾಲ್ ದೇವ್, ಕಲ್ ವಾಲಾ. ಕಲ್ ವಾಲಾ? ಹಾಂ ಹಾಂ, ಕಲ್ ವಾಲಾ. ಇವನು ಅಂದದ್ದು ನಾಳೆಯದು, ನಾಳೆಗೆಂದು ಇಟ್ಟ ಹೊಸದು. ಅವನು ಕೇಳಿದ್ದು ನಿನ್ನೆಯದು, ನಿನ್ನೆ ತೆಗೆದಿಟ್ಟ ಹಳೆಯದು. ಉರ್ದುವಿನಲ್ಲಿ ಎರಡಕ್ಕೂ ಒಂದೇ ಮಾತು, ನಿನ್ನೆಗೂ ಕಲ್, ನಾಳೆಗೂ ಕಲ್, ಹುಟ್ಟಿದಾಗಿನಿಂದ ಕೇಳಿದ್ದಾನೆ, ಗೊತ್ತಿಲ್ಲದ್ದೇನಲ್ಲ. ಕನ್ನಡದಲ್ಲಿ ನಾಳೀದು ಹಾಕ್ರಿ ಅಂದಿದ್ದರೆ ಮಜೀದನಿಗೇನು ತಿಳಿಯುತ್ತಿರಲಿಲ್ಲವೇ, ಅವನ ಕನ್ನಡ ಇವನಿಗಿಂತ ಚಲೋ, ಆದರೂ ಅವನ ಜೊತೆ ಮಾತಾಡುವಾಗ ಉರ್ದುವೇ ಬರಬೇಕು ಬಾಯಲ್ಲಿ, ಪ್ರೀತಿಗೆ, ಅವನು ಹಿಗ್ಗುತ್ತಾನೆಂದು. ಮಜೀದ ಹಳೆ ಡಿಸ್ಕನ್ನೇ ಹಾಕಿದ. ಸಂಕಲ್ಪ ಕೇಳಿತು, ಮತ್ತೆ ಬರೆಯಲೇ. ಹೌದು. ಆ ವಾರದುದ್ದಕ್ಕೂ ಆಡಿದ ಮಾತನ್ನೆಲ್ಲ ಅದು ಒಂದೂ ಬಿಡದೆ ನಡೆಸಿಕೊಟ್ಟಿತು, ಯಾವ ಜಾಗದಲ್ಲಿ ಅಂದಿತ್ತೋ ಅದೇ ಜಾಗದಲ್ಲಿ, ಆ ಜಾಗದಲ್ಲಿ ಈಗ ಬೇರೆಯವರಿದ್ದರು. ಒಬ್ಬರ ಪಕ್ಕೆಲುಬಿನ ಮೇಲೆ ಇನ್ನೊಬ್ಬರ ಪಕ್ಕೆಲುಬು, ಒಬ್ಬರ ಹೆಸರಿನ ಮೇಲೆ ಇನ್ನೊಬ್ಬರ ಭುಜ. ಪ್ರೋಗ್ರಾಮಿನಲ್ಲಿ ದೋಷವಿಲ್ಲ, ಅದು ಹೇಳಿದ ಮಾತು ಕೇಳಿತು, ಹಾಗಂತ ಯಾರ ಮುಂದೆ ಹೇಳುವುದು.

ಎಕ್ಸ್‌ರೇ ಫಿಲ್ಮು ಇಲ್ಲವೇನ್ರಿ, ಮೊನ್ನೆ ಯಾರೋ ಕೇಳಿದರು, ಇಲ್ಲ, ಫಿಲ್ಮುಗಳನ್ನು ಅದರೊಳಗಿನ ಬೆಳ್ಳಿ ತೆಗೆಯುವವರು ಹೈದರಾಬಾದಿನಿಂದ ಬಂದು ತೂಕ ಹಾಕಿ ಒಯ್ದಾಗಿದೆ, ಇಟ್ಕೊಂಡು ಏನ್ ಮಾಡ್ತೀರಿ ಸರ್, ಗೆದ್ದಲಿಗೆ ಹಾಕ್ಲಿಕ್ಕೇನು, ಒಂದು ಡಿಸ್ಕ್ ಸತ್ರೂ ಏನೂ ಆಗಂಗಿಲ್ಲ, ಡಾಕ್ಟರಿಗೆ ಹಾಗೆ ಹೇಳಿದ ನಾಲಿಗೆಯೂ ಇದೇ. ನಕಲು ತೆಗೆದಿಡಲು ಸಿ.ಡಿ. ಬರೆಯುವ ಮಷೀನು ಕೆಟ್ಟು ಎಷ್ಟೋ ದಿನವಾಗಿತ್ತು, ಅದರ ಅವಸರವೇನು, ಸಂಕಲ್ಪ ಇದೆಯಲ್ಲ. ವಾಡಿ. ವಾಡಿಯಲ್ಲಿ ಗಾಡಿ ನಿಂತರೆ ನಿಂತಂತೆಯೇ, ಇಲ್ಲೇ ಇಳಿದುಬಿಟ್ಟರೆ, ಆ ಕಡೆ ರಾಯಚೂರಿನ ಗಾಡಿ ನಿಂತಿದೆ, ಹತ್ತಿದರೆ ಆಯಿತು, ಸಾಬಮ್ಮ ಸಂಜೆಯವರೆಗೆ ಕಾದು ಎದ್ದು ಹೋಗುತ್ತಾಳೆ, ಬಡವರು ಕಾಯುವುದರಲ್ಲಿ ಪಳಗಿದವರು — ಥೂ, ಎಂಥ ಮಾತು ಬರುತ್ತದೆ ಮನಸ್ಸಿಗೆ, ಇಳಿಯಲಿಲ್ಲ, ಧೈರ್ಯಕ್ಕಲ್ಲ, ಟಿಕೆಟ್ ತೆಗೆಸಿದ್ದು ಶಹಾಬಾದಿಗೆ, ಅಷ್ಟೇ. ಡಿಸ್ಕಿನಲ್ಲಿ ಹೆಸರುಗಳೆಲ್ಲ ಹೋಗಿ ಬರೀ ಫೋಟೋದ ತುಂಡುಗಳು ಉಳಿದಿದ್ದವು, ಯಾರ ಎದೆ ಯಾರದೆಂದು ಹೇಗೆ ಹಿಡಿಯುವುದು, ಅವಳನ್ನೇ ಕೇಳಿದ್ದ, ನಿಮ್ಮ ಯಜಮಾನರ ಫೋಟೋದಾಗ ಗುರ್ತು ಏನರೆ ಅದೇನ್ರಿ ಸಾಬಮ್ಮಾ? ಅವಳು ಸೆರಗು ಬಾಯಿಗಿಟ್ಟು ನಕ್ಕಿದ್ದಳು, ಗಂಡ ಸತ್ತ ಮೇಲೆ ಮೊದಲ ಸಲ ನಕ್ಕಿರಬೇಕು, ತಾಯಿತ ಅದರಿ ಸರ, ಚಿಂಚೋಳಿ ಕಡೆ ದರ್ಗಾದಾಗ ಕಟ್ಟಿಸಿದ್ದು, ನಾನೇ ಕೊಳ್ಳಾಗ ಕಟ್ಟೀನಿ, ಫೋಟೋ ತೆಗಿಯಾಂವ ಬಿಚ್ಚು ಅಂದ್ರ ನಮ್ಮಾಂವ ಬಿಚ್ಚಿಲ್ಲ, ಜಗಳಾನೇ ಮಾಡ್ಯಾನ, ಹೆಂಡ್ತಿ ಕಟ್ಯಾಳ ಬಿಚ್ಚಂಗಿಲ್ಲ ಅಂದಾನ. ಸಿಗ್ತದಲ್ರಿ ಸರ? ಸಿಗ್ತದ, ಸಿಗ್ತದ, ನೀವು ಚಿಂತಿ ಮಾಡಬ್ಯಾಡ್ರಿ. ಮತ್ತೆ ಅದೇ ನಾಲಿಗೆ. ಸಾವಿರಾರು ತುಂಡು ಸರಿಸುತ್ತಾ ಸರಿಸುತ್ತಾ ಮೊನ್ನೆ ಮಧ್ಯಾಹ್ನ ಬಂತು, ಎರಡು ಕೊರಳೆಲುಬು, ನಡುವೆ ಅಕ್ಕಿಕಾಳಿಗಿಂತ ಚೂರು ದೊಡ್ಡದು, ಬೆಳ್ಳಗೆ, ತಾಯಿತ, ಕೂಗಿಬಿಟ್ಟಿದ್ದ, ವೃಂದಾ ಅಡುಗೆಮನೆಯಿಂದ ಓಡಿಬಂದಳು, ಸಿಕ್ತೇನ್ರಿ, ಸಿಕ್ತು ಅಂದವನು ಕೆಳಗೆ ಸರಿಸಿದ, ತಾಯಿತದ ಕೆಳಗೊಂದು ಅಡ್ಡಗೆರೆ, ಕತ್ತರಿ ಹಾಕಿದಂತೆ, ಗೆರೆಯ ಕೆಳಗೆ ಬೇರೆ ಯಾರದೋ ಎದೆ.

ಕಾಗಿಣಾ ಸೇತುವೆ, ದಡದಡ, ನೀರು ಕಡಿಮೆ, ದಂಡೆಯ ಮೇಲೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಚೂರುಗಳ ಗುಡ್ಡೆ, ಶಹಾಬಾದ್ ಬಂತು, ಇಳಿದ, ನಡೆದ, ಊರ ತುಂಬ ಕಲ್ಲು, ಕಂಪೌಂಡಿಗೆ ಕಲ್ಲು, ಮಾಳಿಗೆಗೆ ಕಲ್ಲು, ಕಾಲಡಿಗೆ ಕಲ್ಲು, ಇದನ್ನೆಲ್ಲ ಎಬ್ಬಿಸಿದವರ ಎದೆ ಮಾತ್ರ ಎಲ್ಲೂ ಇಲ್ಲ. ಕಟ್ಟೆಯ ಮೇಲೆ ಅವಳು, ಎದ್ದು ನಿಂತಳು, ಬಂದ್ರಿ ಸರ, ನೀರು ಕುಡೀರಿ ಮೊದಲ, ಬಿಸಿಲಾಗ ಬಂದೀರಿ. ಮಜೀದ ಮುಖ ನೋಡಲಿಲ್ಲ, ಸಲಾಂ ಆಚಾರ್ ಸಾಬ್ ಅಂದ, ಕನ್ನಡದಲ್ಲೇ ಮಾತಾಡಿದ, ಡಿಸ್ಕು ಕೊಡ್ರಿ ಹಾಕ್ತೀನಿ, ಈಗೀಗ ಇಬ್ಬರ ನಡುವೆ ಉರ್ದು ನಿಂತುಹೋಗಿದೆ, ಅದೂ ಹೋಯಿತು. ಪರದೆ ಬೆಳಗಿತು. ಮೇಲಿನಿಂದ ನಿಧಾನ ಇಳಿಯಿತು ಚಿತ್ರ, ಗದ್ದ, ಕೊರಳು, ಎಲುಬು, ತಾಯಿತ. ಇವರೇ ರೀ! ಸಾಬಮ್ಮ ಗಾಜಿನ ಮೇಲೆ ಬೆರಳಿಟ್ಟಳು, ಇವರೇ ನೋಡ್ರಿ, ಇದು ನಾ ಕಟ್ಟಿದ್ದು, ಬೆರಳು ಅಲ್ಲೇ ಸವರುತ್ತಿದೆ, ಗಾಜಿನ ಧೂಳಿನಲ್ಲಿ ಬೆರಳಿನಷ್ಟೇ ಜಾಗ ಸ್ವಚ್ಛ, ಹಾಗೇ ಇರಲಿ ದೇವರೇ, ಅವಳು ಕೆಳಗೆ ನೋಡದಿರಲಿ, ಚಿತ್ರ ಅಲ್ಲಿಗೇ ನಿಲ್ಲಲಿ, ಕರೆಂಟು ಹೋಗಲಿ, ಬೇಡದಾಗೆಲ್ಲ ಹೋಗುವ ಕರೆಂಟು ಇವತ್ತು ಕಲ್ಲುಗುಂಡಿನ ಹಾಗೆ ನಿಂತಿದೆ. ಅವಳು ನೋಡಿದಳು. ಸರ, ಧೂಳು ಬೆಳ್ಳಗ ಕಾಣ್ತದ, ನುಚ್ಚು ಚೆಲ್ಲಿದಂಗ ಅಂತ ಡಾಕ್ಟರ್ ಹೇಳಿದ್ರಲ್ರಿ, ಇಲ್ಲಿ ಎಲ್ಲಿ ಅದರಿ? ಇದು ಕರ್ರಗ ಭಾಳ ಚಲೋ ಅದಲ್ಲ, ಇದ್ರಾಗ ರೋಗೇ ಇಲ್ಲಲ್ಲ? ಅದು ಅವರ ಎದಿ ಅಲ್ರಿ ಸಾಬಮ್ಮಾ. ಮತ್ತ ಯಾರದ್ರಿ? ಗೊತ್ತಿಲ್ಲ. ತಾಯಿತ ಇವರದು, ಎದಿ ಯಾರದೋ? ಹೇಗೆ ಹೇಳುವುದು, ಐದು ಡಿಸ್ಕು, ಜರ್ನಲ್ಲು, ನಿನ್ನೆ, ನಾಳೆ, ಬಾಯಲ್ಲಿ ಉಳಿದದ್ದು ಒಂದೇ, ತಪ್ಪಾತ್ರಿ, ನಾ ಕಲ್ ಅಂದೆ, ಕಲ್ ಅಂತ ಅಂದೆ — ಹೌದ್ರಿ ಸರ, ಅವಳು ಥಟ್ಟನೆ ತಿರುಗಿದಳು, ಕಣ್ಣಲ್ಲಿ ನೀರು ತುಂಬಿಯೂ ಮುಖದಲ್ಲಿ ಏನೋ ಆಸೆ, ಕಲ್ಲೇ ರೀ, ಕಲ್ಲೇ ಕೊಂದದ, ನೀವಾದರೂ ಅಂದ್ರಲ್ಲ, ಇಷ್ಟೇ ಬರಕೊಡ್ರಿ, ನಾಳೆ ಸಾಹೇಬರ ಮುಂದ ಇದನ್ನೇ ಇಡ್ತೀನಿ.

ಮಜೀದ ಗೋಡೆಯ ಕಡೆ ತಿರುಗಿದ. ನಾಳೆ ಸಾಹೇಬರು ನೋಡುತ್ತಾರೆ, ನೋಡಿ ಏನನ್ನುತ್ತಾರೆ, ನಗುತ್ತಾರೆ, ಅಥವಾ ನಗುವುದೂ ಇಲ್ಲ, ಎದೆ ಚೊಕ್ಕ ಇದೆಯಲ್ಲಮ್ಮಾ ಅನ್ನುತ್ತಾರೆ, ಇವನು ಬರೆದುಕೊಡಬೇಕು, ಏನು ಬರೆಯುವುದು, ಇಂಥ ದೇಶ, ಇಂಥ ಕಾಲ, ಇಂಥ ತಿಥಿ, ನಾನು ಇಂಥವನು — ಮುಂದೆ ಬರುತ್ತಿಲ್ಲ, ಅವಳ ಬೆರಳು ಗಾಜಿನ ಮೇಲಿನಿಂದ ಇಳಿಯುತ್ತಿಲ್ಲ, ಬೆರಳಿನ ತುದಿಯಲ್ಲಿ ತಾಯಿತ, ತಾಯಿತದ ಕೆಳಗೆ ಗೆರೆ, ಗೆರೆಯ ಕೆಳಗೆ ಯಾರದೋ ತುಂಬು ಉಸಿರಿನ ಎದೆ, ಚುಕ್ಕೆಯಿಲ್ಲದ ಎದೆ, ಮೇಲೆ ತಾಯಿತ, ಬೆಳ್ಳಗೆ, ತಾಯಿತ.