ನಡೆಯದೆ ಉಳಿದ ಎರಡು ಕಾಲು

ಕೊಳ್ಳೇಗಾಲದ ಆ ಪದವಿ ಕಾಲೇಜಿನ ಕಬಡ್ಡಿ ತಂಡ ಫೈನಲಿಗೆ ಬಂದದ್ದು ಅದೇ ಮೊದಲು. ನಾಯಕ ಶಾಂತಮೂರ್ತಿಗೆ ಅದು ಮೂರನೆಯ ವರ್ಷ, ಕೊನೆಯ ವರ್ಷ. ಮೊದಲ ವರ್ಷ ಮೊದಲ ಪಂದ್ಯದಲ್ಲೇ ಸೋತು ಮಧ್ಯಾಹ್ನದ ಬಸ್ಸಿಗೆ ವಾಪಸಾಗಿದ್ದರು. ಎರಡನೆಯ ವರ್ಷದ್ದು ಎದುರಾಳಿಗಳು ನಕ್ಕಿದ್ದಷ್ಟೇ ಅವನಿಗೆ ನೆನಪು. ಈ ಸಲ ಹನೂರಿನಲ್ಲಿ ಗೆದ್ದರು, ಚಾಮರಾಜನಗರದಲ್ಲಿ ಗೆದ್ದರು, ಯಳಂದೂರಿನ ಸೆಮಿಫೈನಲಿನಲ್ಲಿ ಸೋಲುವ ಹಂತಕ್ಕೆ ಹೋಗಿ ಗೆದ್ದರು.

ಶಾಂತಮೂರ್ತಿ ಮುಳ್ಳೂರಿನವನು. ಎಡಮೂಲೆಯಲ್ಲಿ ನಿಂತು, ರೈಡಿಗೆ ಬಂದವನ ಪಾದ ಹಿಡಿಯುವುದು ಅವನ ಕೆಲಸ. ಹಿಡಿದರೆ ಬಿಡುತ್ತಿರಲಿಲ್ಲ. ಮಾತು ಮಾತ್ರ ಬಲು ಕಡಿಮೆ. ಹುಡುಗರು ಅವನನ್ನು ಮೌನಿಸ್ವಾಮಿ ಎಂದೇ ಕರೆಯುತ್ತಿದ್ದರು.

ಯಳಂದೂರಿನಲ್ಲಿ ಕೊನೆಯ ನಿಮಿಷಕ್ಕೆ ಮೂರು ಅಂಕ ಹಿಂದಿದ್ದರು. ಹನೂರಿನಾಚೆಯ ಹಳ್ಳಿಯಿಂದ ಬರುವ ಮಾದಸ್ವಾಮಿ ತಂಡದ ಮುಖ್ಯ ರೈಡರ್. ಅವನು ತಲೆಗೆ ನೀರು ಸುರಿದುಕೊಂಡು, "ಈ ಮ್ಯಾಚ್ ಗೆಲ್ಸಪ್ಪಾ ಮಾದಪ್ಪ, ಬರೋ ಅಮಾಸೆಗೆ ಎಲ್ರೂ ಬರಿಗಾಲಲ್ಲಿ ನಡ್ಕಂಡೇ ನಿನ್ ಬೆಟ್ಟಕ್ ಬತ್ತೀವಿ" ಎಂದ. ಎಲ್ಲರೂ ಹೂಂ ಎಂದರು. ಶಾಂತಮೂರ್ತಿಯೂ ಎಂದ. ಮಾದಸ್ವಾಮಿ ಒಂದೇ ಉಸಿರಿಗೆ ನಾಲ್ವರನ್ನು ಮುಟ್ಟಿ ಬಂದ.

ಫೈನಲ್ ಮುಂದಿನ ಶನಿವಾರ, ಕೊಳ್ಳೇಗಾಲದಲ್ಲೇ. ಅಮಾವಾಸ್ಯೆ ಅದಕ್ಕೂ ಮೊದಲು, ಬುಧವಾರ.

"ತಲೆ ಕೆಟ್ಟದೇನ್ರಪ್ಪ? ಬರಿಗಾಲಲ್ಲಿ ಹನೂರಿಂದ ಬೆಟ್ಟದ ತನಕ? ಫೈನಲ್ ಮುಗುಸ್ಕಂಡು ಓಗಿ. ಮಾದಪ್ಪ ಎಲ್ಲಿಗೂ ಓಗಲ್ಲ" ಎಂದರು ಆಟದ ಮೇಷ್ಟ್ರು ರಂಗಸ್ವಾಮಿ.

"ಅವ್ನು ಓಗಲ್ಲ ಸಾ, ನಾವ್ ಓಯ್ತೀವಿ" ಎಂದ ಮಾದಸ್ವಾಮಿ. "ಪರೀಕ್ಷೆ ಮುಗುದ್ರೆ ಒಬ್ಬೊಬ್ಬ ಒಂದೊಂದ್ ದಿಕ್ಕು. ಆಮೇಲೆ ಎಲ್ರೂ ಎಲ್ಲಿ ಸಿಕ್ಕೀವು? ಮಾತ್ ಕೊಟ್ಟಾಗದೆ."

ಮೇಷ್ಟ್ರು ಶಾಂತಮೂರ್ತಿಯ ಕಡೆ ನೋಡಿದರು. "ಕ್ಯಾಪ್ಟನ್ನು, ನೀನಾದ್ರೂ ಏಳಪ್ಪ."

ಹೇಳಲು ಅವನಲ್ಲಿ ಮಾತಿತ್ತು. ಎರಡು ದಿನ ಟಾರು, ಕಲ್ಲು, ಬಿಸಿಲು. ಅಂಗಾಲು ಬೊಬ್ಬೆ ಎದ್ದರೆ ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡುವುದು ಹೇಗೆ? ಆದರೆ ಎಂಟು ಜೊತೆ ಕಣ್ಣುಗಳ ಮುಂದೆ ಆ ಮಾತು ಹೊರಬರಲಿಲ್ಲ. ಸುಮ್ಮನೆ ನೆಲ ನೋಡಿದ. ಹುಡುಗರು ಅದನ್ನು ಒಪ್ಪಿಗೆ ಎಂದುಕೊಂಡರು.

ಮಂಗಳವಾರ ಶಾಂತಮೂರ್ತಿ ನಸುಕಿಗೇ ಎದ್ದು, ಮಿಂದು, ಪಂಚೆ ಉಟ್ಟು ರಸ್ತೆಗೆ ಬಂದ. ಹನೂರಿಗೆ ಹೋಗಲು ಹಿಡಿಯಬೇಕಿದ್ದ ಕೊಳ್ಳೇಗಾಲದ ಬಸ್ಸು ಬಂತು, ನಿಂತಿತು. ಕಂಡಕ್ಟರ್ "ಅತ್ತಪ್ಪ, ಅತ್ತು" ಎಂದ. ಹತ್ತಲಿಲ್ಲ. ಬಸ್ಸು ಹೋದ ಮೇಲೆ ಫೋನು ಆರಿಸಿ ಮನೆಗೆ ಮರಳಿದ. ತಂಡದಲ್ಲಿ ಒಬ್ಬನಾದರೂ ನೆಟ್ಟಗಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವನಿಗೆ ಫೈನಲ್ ಬೇಕಿತ್ತು. ಎರಡು ವರ್ಷ ಬೇರೆಯವರು ಫೈನಲ್ ಆಡಿದ ಸುದ್ದಿಯನ್ನು ಮನೆಯಲ್ಲಿ ಕೂತು ಕೇಳಿದ್ದ.

ಆ ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಈಗ ಕೌದಳ್ಳಿ ದಾಟಿರಬಹುದು, ಈಗ ತಾಳಬೆಟ್ಟ ಹತ್ತುತ್ತಿರಬಹುದು ಎಂದು ಕೂತಲ್ಲೇ ದಾರಿ ಲೆಕ್ಕ ಹಾಕುತ್ತಿದ್ದ. ನಡೆದವರಿಗಾದರೂ ಬುಧವಾರಕ್ಕೆ ದಾರಿ ಮುಗಿಯಿತು, ಅವನಿಗೆ ಮುಗಿಯಲಿಲ್ಲ.

ಶನಿವಾರ ಬೆಳಿಗ್ಗೆ ಮೈದಾನಕ್ಕೆ ಹೋದಾಗ ಎಂಟು ಮಂದಿಯೂ ಬೇವಿನ ಮರದಡಿ ಕಾಲು ಚಾಚಿ ಕೂತಿದ್ದರು. ಮೇಷ್ಟ್ರು ಒಬ್ಬೊಬ್ಬರ ಅಂಗಾಲಿಗೂ ಬೈಯುತ್ತ ಬಟ್ಟೆ ಸುತ್ತುತ್ತಿದ್ದರು. ಶಾಂತಮೂರ್ತಿ ದೂರದಲ್ಲೇ ನಿಂತ. ಯಾರಾದರೂ ಏನಾದರೂ ಅನ್ನಲಿ ಎಂದು ಕಾದ. ಯಾರೂ ಅನ್ನಲಿಲ್ಲ. ಮಾದಸ್ವಾಮಿ ಚೀಲದಿಂದ ಲಾಡು ತೆಗೆದು, "ತಕ, ಪ್ರಸಾದ" ಎಂದಷ್ಟೇ ಹೇಳಿದ. ಅದನ್ನು ನುಂಗಲು ಅವನಿಗೆ ನೀರು ಬೇಕಾಯಿತು.

ಎದುರಿಗಿದ್ದವರು ಗುಂಡ್ಲುಪೇಟೆ ಕಡೆಯ ತಂಡ, ಗಟ್ಟಿಗರು. ಕೊಳ್ಳೇಗಾಲದವರು ಕುಂಟುತ್ತ ಆಡಿದರು. ಗೆರೆಯಾಚೆಯಿಂದ ಯಾರೋ "ಇವ್ರೇನ್ರಲಾ, ಕೆಂಡ ತುಳ್ದೋರಂಗ್ ಕುಣೀತಾವ್ರೆ!" ಎಂದು ಕೂಗಿದ. ಶಾಂತಮೂರ್ತಿ ಒಬ್ಬನೇ ನಾಲ್ವರ ಕೆಲಸ ಮಾಡಿದ. ಬಂದವರ ಪಾದಕ್ಕೆ ಬಿದ್ದ, ಎಳೆಸಿಕೊಂಡ, ಮೊಣಕೈ ತರಚಿತು, ಬಿಡಲಿಲ್ಲ. ಕೊನೆಯ ರೈಡಿಗೆ ಬಂದಾಗ ಒಂದೇ ಅಂಕ ಹಿಂದಿದ್ದರು. ರೈಡು ಇವರದು. ಮೇಷ್ಟ್ರು ಆಟ ನಿಲ್ಲಿಸಿ ಎಲ್ಲರನ್ನೂ ಕರೆದರು.

ಮಾದಸ್ವಾಮಿಯ ಕಾಲಿನ ಬಟ್ಟೆ ಬಿಚ್ಚಿ ಹೋಗಿತ್ತು, ಹಸಿ ಗಾಯಕ್ಕೆ ಮಣ್ಣು ಮೆತ್ತಿತ್ತು.

"ಮೌನಿ ಓಗ್ಲಿ ಸಾ" ಎಂದ ಅವನು.

"ನಾನಾ?" ಶಾಂತಮೂರ್ತಿಗೆ ಗಾಬರಿಯಾಯಿತು. "ನಾನ್ ರೈಡ್ ಮಾಡಿ ಎರಡ್ ವರ್ಸ ಆಯ್ತು ಕಣ್ಲಾ." ಆಮೇಲೆ ಆ ಮಾತೂ ತಾನಾಗಿ ಹೊರಬಿತ್ತು. "ನಾನು ಬರ್ನಿಲ್ಲ. ಬೇಕಂತ್ಲೇ ಬರ್ನಿಲ್ಲ. ಆಡ್ಬೇಕು ಅನ್ನೋ ಆಸೆ."

"ಗೊತ್ತು ಬುಡ್ಲಾ" ಎಂದ ಮಾದಸ್ವಾಮಿ. "ಹನೂರಲ್ಲಿ ಒಂದ್ ಗಂಟೆ ಕಾಯ್ತಿದ್ದಾಗ ಸಿಕ್ಕಿದ್ರೆ ಒದ್ದೇಬುಡ್ತಿದ್ದೊ. ತಾಳಬೆಟ್ಟದಲ್ಲಿ ಬೊಬ್ಬೆ ಒಡ್ದಾಗ, ಸದ್ಯ ಒಬ್ನಾದ್ರೂ ಉಳ್ದ ಅಂತ ನಗಾಡ್ದೊ. ಓಗೀಗ. ಕಾಲು ಇರೋನು ನೀನೊಬ್ನೇ."

ಶಾಂತಮೂರ್ತಿ ಹೋದ. ಸದಾ ಸುಮ್ಮನಿರುವವನ ಬಾಯಿಂದ ಕಬಡ್ಡಿ ಕಬಡ್ಡಿ ಎಂಬ ಮಾತು ಮೈದಾನಕ್ಕೆಲ್ಲ ಕೇಳುವಂತೆ ಬಂತು. ನಡುವಿನವನ ಭುಜ ಮುಟ್ಟಿದ. ಮುಟ್ಟಿದ ಬೆರಳಿಗೆ ಬೆವರಿನ ತೇವ ತಾಗಿದ್ದೂ ತಿಳಿಯಿತು. ತಿರುಗಿದ, ಎಡಕ್ಕೆ. ಅಲ್ಲಿ ಮೂಲೆಯವನು ಕಾಲಿಗೆ ಬಿದ್ದ, ಅವನ ಮೇಲೆ ಇಬ್ಬರು, ಮೂವರು. ನಡುಗೆರೆ ಒಂದು ಗೇಣು ದೂರವಿತ್ತು. ಕೈ ಚಾಚಿದ, ಎಟುಕಲಿಲ್ಲ. ಉಸಿರು ಮುಗಿಯಿತು. ಅಂಪೈರ್ ಶಿಳ್ಳೆ ಊದಿದರು.

ಅವನು ಮಣ್ಣಿನಲ್ಲಿ ಮುಖವಿಟ್ಟು ಹಾಗೇ ಮಲಗಿದ್ದ. ಈಗಲೂ ಯಾರೂ ಏನೂ ಅನ್ನದಿದ್ದರೆ, ತಾನು ಇವರಿಗೆ ಹೊರಗಿನವನೇ ಎಂದು ಅವನಿಗೆ ಅನಿಸಿತ್ತು.

"ಎಡಕ್ ಯಾಕ್ಲಾ ತಿರುಗ್ದೆ ಬಡ್ಡೈದ್ನೇ!" ಮಾದಸ್ವಾಮಿ ಕುಂಟುತ್ತ ಓಡಿಬರುತ್ತಿದ್ದ. "ಬಲಕ್ಕೆ ಎಮ್ಮೆ ಓಗೋವಷ್ಟು ದಾರಿ ಇತ್ತಲ್ಲೋ!"

"ನಾನ್ ಬಲಕ್ಕೆ ಬಲಕ್ಕೆ ಅಂತ ಬಡ್ಕತಾವ್ನಿ, ಕಿವಿ ಇಲ್ವಾ ಇವುನ್ಗೆ?" ಎಂದು ಇನ್ನೊಬ್ಬ. ಎಂಟು ಮಂದಿಯೂ ಅವನ ಸುತ್ತ ನಿಂತು ಒಟ್ಟಿಗೇ ಬೈಯತೊಡಗಿದರು.

ಶಾಂತಮೂರ್ತಿ ಎದ್ದು ಕೂತು ಬಾಯಿಯ ಮಣ್ಣು ಉಗಿದ.

"ಬಲಕ್ಕೆ ಎಲ್ಲಿತ್ಲಾ ದಾರಿ? ಆ ಡುಮ್ಮ ನಿಂತಿರ್ನಿಲ್ವಾ?" ಎಂದು ಅವನೂ ಎಲ್ಲರಿಗಿಂತ ಜೋರಾಗಿ ಜಗಳಕ್ಕೆ ಬಿದ್ದ.